ಪುಟದಾಚೆಗಿನ ಓದು

ಮಗಳಿಗೆ ಒಂದು ಸಂಬಂಧ ಬಂದಾಗ ಹಿರಿಯರು ಗಂಡಿನ ಮನೆ ನೋಡಲು ಹೋಗುತ್ತಾರೆ. ಜಮಖಾನದ ಮೇಲೆ ಕುಳಿತು ಉಪ್ಪಿಟ್ಟು ಕೇಸರಿಬಾತು ತಿಂದು, ಕಾಫಿ ಕುಡಿದು, ಗೋಡೆಯ ಮೇಲಿನ ಪಟಗಳನ್ನೂ ಬೀರುವಿನ ಗಾಜಿನ ಹಿಂದಿನ ಪದಕಗಳನ್ನೂ ನೋಡಿ ಮೆಚ್ಚಿ ತಲೆದೂಗುತ್ತಾರೆ. ಆದರೆ ಅಷ್ಟರಿಂದಲೇ ಮಾತು ಕೊಟ್ಟುಬಿಡುವವರು ಯಾರಿದ್ದಾರೆ? ಹಿಂತಿರುಗುವಾಗ ಬೀದಿಯ ತುದಿಯ ಅಂಗಡಿಯಲ್ಲಿ ವೀಳ್ಯದೆಲೆ ಕೊಳ್ಳುವ ನೆಪದಿಂದ ಎರಡು ಮಾತು ಕೇಳುತ್ತಾರೆ. ಹುಡುಗ ಕೆಲಸ ಮಾಡುವ ಕಛೇರಿಯಲ್ಲಿ ದೂರದ ನೆಂಟನೊಬ್ಬನಿದ್ದರೆ ಅವನಿಗೆ ಫೋನ್ ಮಾಡುತ್ತಾರೆ. ಆ ಮನೆಯವರು ತಮ್ಮ ವಿಷಯದಲ್ಲಿ ತಾವೇ ಹೇಳಿಕೊಂಡದ್ದು ಎಷ್ಟು ಅಂದವಾಗಿದ್ದರೂ ಅದು ಅರ್ಧ ಸಾಕ್ಷ್ಯವೇ ಹೊರತು ಪೂರ್ಣ ಸಾಕ್ಷ್ಯವಲ್ಲ ಎಂಬುದು ಓದುಬರಹ ಬಾರದ ಅಜ್ಜಿಗೂ ಗೊತ್ತು.

ಅಜ್ಜಿಗೆ ಗೊತ್ತಿದ್ದ ಈ ಮಾತು ಪದವೀಧರ ಮೊಮ್ಮಗನಿಗೆ ಗೊತ್ತಿಲ್ಲವೆಂದರೆ ನಂಬುವುದು ಕಷ್ಟ. ಆದರೂ ಕಂಪ್ಯೂಟರಿನ ಪರದೆಯ ಮೇಲೆ ಒಂದು ಪುಟ ತೆರೆದುಕೊಂಡ ಕೂಡಲೇ ಅವನು ಜಮಖಾನದ ಮೇಲೆ ಕುಳಿತವನು ಕುಳಿತೇ ಇರುತ್ತಾನೆ. ಅಂಗಡಿಯ ಬಳಿಗೆ ಹೋಗುವುದೇ ಇಲ್ಲ. ಸ್ಯಾಮ್ ವೈನ್‌ಬರ್ಗ್ ಮತ್ತು ಮೈಕ್ ಕಾಲ್‌ಫೀಲ್ಡ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಕೂಡಿ ಬರೆದ ‘ವೆರಿಫೈಡ್’ ಎಂಬ ಗ್ರಂಥದ ಸಾರವನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ಇಷ್ಟೇ. ಚಿಕಾಗೊ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ 2023ರಲ್ಲಿ ಹೊರಬಂದ ಈ ಪುಸ್ತಕ ಸಾಮಾನ್ಯ ವಾಚಕರಿಗಾಗಿ ಬರೆದದ್ದು. ಆದರೆ ಅದರ ಹಿಂದೆ ಕಾಲೇಜು ವಿದ್ಯಾರ್ಥಿಗಳನ್ನು ಕುರಿತ ಹಲವು ವರ್ಷಗಳ ಪರಿಶೋಧನೆಯಿದೆ. ಪುಸ್ತಕವನ್ನೂ ಆ ಪರಿಶೋಧನೆಯನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ. ನಮ್ಮವರು ಅದನ್ನು ‘ಮಾಹಿತಿ ಸಾಕ್ಷರತೆ’ ಎಂದು ಕರೆದಿದ್ದಾರೆ. ಮಾತು ಕಿವಿಗೆ ಸ್ವಲ್ಪ ಒರಟು, ಆದರೂ ಇರಲಿ. 1974ರಲ್ಲಿ ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಎಂಬವರು ಒಂದು ಸರ್ಕಾರಿ ಆಯೋಗಕ್ಕೆ ಒಪ್ಪಿಸಿದ ಬರಹದಲ್ಲಿ ಇದನ್ನು ಬಳಕೆಗೆ ತಂದರು. ಗ್ರಂಥಪಾಲಕರು ಅದನ್ನು ತಮ್ಮದಾಗಿ ಮಾಡಿಕೊಂಡರು. 2000ದಲ್ಲಿ ಅಲ್ಲಿನ ಕಾಲೇಜು ಗ್ರಂಥಪಾಲಕರ ಸಂಘ ವಿದ್ಯಾರ್ಥಿಗೆ ಬರಬೇಕಾದ ಸಾಮರ್ಥ್ಯಗಳನ್ನು ಐದು ಮಾನದಂಡಗಳಾಗಿ ವಿಂಗಡಿಸಿ ಪ್ರಕಟಿಸಿತು. 2016ರಲ್ಲಿ ಅದನ್ನು ಕೈಬಿಟ್ಟು, ಆರು ಮೂಲಭಾವನೆಗಳ ಮೇಲೆ ನಿಂತ ಹೊಸದೊಂದು ಚೌಕಟ್ಟನ್ನು ಒಪ್ಪಿಕೊಂಡಿತು. ತಮ್ಮ ಕೈಯಾರೆ ಕಟ್ಟಿದ್ದನ್ನು ತಾವೇ ಬಿಚ್ಚಿದ ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ತರಗತಿಯ ಒಳಗೆ ನಡೆದದ್ದು ಬೇರೆ. ಅಲ್ಲಿ ರಾಜ್ಯವಾಳಿದ್ದು ಒಂದು ಪಟ್ಟಿ.

ಪಟ್ಟಿಯ ಕಥೆ ಹೀಗೆ: 2004ರಲ್ಲಿ ಕ್ಯಾಲಿಫೋರ್ನಿಯದ ಚೀಕೊ ಎಂಬಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲಕಿಯೊಬ್ಬರು ಯಾವ ಬರಹವನ್ನಾದರೂ ಒರೆಗೆ ಹಚ್ಚಲು ಐದು ಪ್ರಶ್ನೆಗಳನ್ನು ಹೊಂದಿಸಿಕೊಟ್ಟರು. ಇದು ಎಂದು ಬರೆದದ್ದು? ನನ್ನ ವಿಷಯಕ್ಕೆ ಸಂಬಂಧಿಸಿದ್ದೇ? ಬರೆದವರ ಅಧಿಕಾರವೇನು? ಹೇಳಿದ್ದು ನಿಖರವೇ? ಉದ್ದೇಶವೇನು? ಈ ಐದು ಗುಣಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ಕಸವೆಂಬ ಅರ್ಥದ ಪೋಲಿ ಮಾತೊಂದು ಆಗುತ್ತದೆ. ಹುಡುಗರು ಮರೆಯದಿರಲಿ ಎಂಬ ಉಪಾಯ. ಪ್ರಶ್ನೆಗಳಲ್ಲಿ ತಪ್ಪೇನಿದೆ? ಒಂದೊಂದೂ ವಿವೇಕದ ಪ್ರಶ್ನೆಯೇ. ಆದರೆ ಉತ್ತರವನ್ನು ಎಲ್ಲಿ ಹುಡುಕಬೇಕೆಂಬುದು ಪಟ್ಟಿಯಲ್ಲಿರಲಿಲ್ಲ. ಹುಡುಗ ಆ ಪುಟದಲ್ಲೇ ಹುಡುಕಿದ. ತಾರೀಖು ಇದೆ, ಸರಿ. ಲೇಖಕನ ಹೆಸರಿನ ಮುಂದೆ ಡಾಕ್ಟರ್ ಎಂದಿದೆ, ಸರಿ. ಅಡಿಯಲ್ಲಿ ಆಧಾರಗಳ ಸಾಲಿದೆ, ಸರಿ. ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ ತಾವು ನಿಷ್ಪಕ್ಷಪಾತಿಗಳೆಂದು ಅವರೇ ಹೇಳಿಕೊಂಡಿದ್ದಾರೆ, ಅದೂ ಸರಿ. ಗಂಡಿನ ತಂದೆಯನ್ನೇ ಕೇಳಿ ಗಂಡಿನ ಗುಣವನ್ನು ನಿರ್ಧರಿಸಿದಂತಾಯಿತು.

ಈ ರೀತಿಯ ಓದು ಹಿಂದೆ ಕೆಲಸಕ್ಕೆ ಬಂದದ್ದು ಏಕೆಂಬುದನ್ನೂ ಯೋಚಿಸಬೇಕು. ಕಾಲೇಜಿನ ಗ್ರಂಥಾಲಯದ ಕಪಾಟಿನಲ್ಲಿದ್ದ ಪುಸ್ತಕ ವಿದ್ಯಾರ್ಥಿಯ ಕೈಗೆ ಬರುವ ಮೊದಲು ಪ್ರಕಾಶಕ, ಸಂಪಾದಕ, ಆಯ್ಕೆ ಮಾಡಿದ ಅಧ್ಯಾಪಕ, ಕೊಂಡು ತಂದ ಗ್ರಂಥಪಾಲಕ ಎಂಬ ನಾಲ್ಕು ಬಾಗಿಲುಗಳನ್ನು ದಾಟಿ ಬಂದಿರುತ್ತಿತ್ತು. ನೆರೆಹೊರೆಯ ವಿಚಾರಣೆಯನ್ನು ಬೇರೆಯವರು ಆಗಲೇ ಮುಗಿಸಿದ್ದರು. ವಿದ್ಯಾರ್ಥಿಗೆ ಉಳಿದದ್ದು ಕುಳಿತು ಗಮನವಿಟ್ಟು ಓದುವ ಕೆಲಸ ಮಾತ್ರ. ಈಗ ಬಾಗಿಲುಗಳು ಹೋಗಿವೆ. ಓದುವ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ. ಅಂದವಾದ ಪುಟವೊಂದನ್ನು ಕಟ್ಟುವುದಕ್ಕೂ, ಸೇವಾಸಂಸ್ಥೆಯದೆಂದು ತೋರುವ ವಿಳಾಸವೊಂದನ್ನು ಕೊಳ್ಳುವುದಕ್ಕೂ ಇಂದು ಹೆಚ್ಚಿನ ಹಣ ಬೇಕಿಲ್ಲ.

ವೈನ್‌ಬರ್ಗ್ ಮತ್ತು ಅವರ ಸಹೋದ್ಯೋಗಿ ಸಾರಾ ಮೆಗ್ರೂ 2017ರಲ್ಲಿ ಹೊರಗೆಡಹಿದ ಪ್ರಯೋಗ ಈ ಮಾತನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅವರು 45 ಮಂದಿಯನ್ನು ಆರಿಸಿಕೊಂಡರು: ಡಾಕ್ಟರೇಟ್ ಪಡೆದ 10 ಜನ ಇತಿಹಾಸಜ್ಞರು, ಪತ್ರಿಕೆಗಳಿಗಾಗಿ ಸುದ್ದಿಯ ಸತ್ಯಾಸತ್ಯವನ್ನು ನೋಡುವುದನ್ನೇ ವೃತ್ತಿ ಮಾಡಿಕೊಂಡ 10 ಜನ ಪರಿಶೀಲಕರು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ 25 ಜನ ವಿದ್ಯಾರ್ಥಿಗಳು. ಶಾಲೆಯಲ್ಲಿ ಮಕ್ಕಳು ಮಕ್ಕಳನ್ನು ಪೀಡಿಸುವ ವಿಷಯವಾಗಿ ಎರಡು ವೈದ್ಯಸಂಸ್ಥೆಗಳ ಲೇಖನಗಳನ್ನು ಅವರ ಮುಂದಿಟ್ಟು, ಯಾವುದು ಹೆಚ್ಚು ನಂಬಲರ್ಹವೆಂದು ಕೇಳಿದರು. ಒಂದು ‘ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್’: 1930ರಲ್ಲಿ ಹುಟ್ಟಿದ್ದು, ಅರವತ್ತು ಸಾವಿರಕ್ಕೂ ಮಿಕ್ಕಿ ಸದಸ್ಯರುಳ್ಳದ್ದು, ಮಕ್ಕಳ ವೈದ್ಯರ ಮುಖ್ಯ ಸಂಘ. ಇನ್ನೊಂದು ‘ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಷಿಯನ್ಸ್’: ಸಲಿಂಗ ದಂಪತಿಗಳು ಮಕ್ಕಳನ್ನು ದತ್ತು ಪಡೆಯುವ ವಿಷಯದಲ್ಲಿ ಮೊದಲಿನದರೊಡನೆ ಜಗಳವಾಡಿ 2002ರಲ್ಲಿ ಬೇರೆಯಾದ ಕೆಲವೇ ನೂರು ಜನರ ಗುಂಪು. ಹೆಸರಿನಲ್ಲಿ ಎರಡಕ್ಕೂ ಹೆಚ್ಚು ಭೇದವಿಲ್ಲ. ಪುಟದ ಸೊಗಸಿನಲ್ಲಂತೂ ಎರಡನೆಯದೇ ಒಂದು ಕೈ ಮೇಲು.

ಪರಿಶೀಲಕರು ಹತ್ತಕ್ಕೆ ಹತ್ತು ಮಂದಿಯೂ ಅಕಾಡೆಮಿಯನ್ನು ಹಿಡಿದರು. ಇತಿಹಾಸಜ್ಞರಲ್ಲಿ ಹಲವರು ಅನುಮಾನಿಸುತ್ತ, ಎರಡೂ ಸರಿಯಿರಬಹುದೆಂದರು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಒಡಕಿನ ಗುಂಪನ್ನೇ ಮೆಚ್ಚಿದರು. ಈ ವಿದ್ಯಾರ್ಥಿಗಳು ದಡ್ಡರಲ್ಲ. ಅಮೆರಿಕದಲ್ಲೇ ಪ್ರವೇಶ ಸಿಕ್ಕುವುದು ಅತಿ ಕಷ್ಟವಾದ ವಿದ್ಯಾಪೀಠದವರು. ಇತಿಹಾಸಜ್ಞರಂತೂ ದಾಖಲೆಗಳನ್ನು ಸಂಶಯದಿಂದ ನೋಡುವುದನ್ನೇ ಜೀವನವಾಗಿ ಮಾಡಿಕೊಂಡವರು. ಅವರು ಎಡವಿದ್ದು ಚೆನ್ನಾಗಿ ಓದಿದ್ದರಿಂದ! ಪುಟದ ತಲೆಯಿಂದ ಬುಡದವರೆಗೆ ಶ್ರದ್ಧೆಯಿಂದ ಓದಿದರು. ಪರಿಶೀಲಕರಾದರೋ ಒಂದೆರಡು ಸಾಲು ನೋಡಿ ಪುಟವನ್ನು ಅಲ್ಲೇ ಬಿಟ್ಟರು. ಪಕ್ಕದಲ್ಲಿ ಹೊಸ ಕಿಟಕಿಗಳನ್ನು ತೆರೆದು, ಈ ಸಂಸ್ಥೆಯ ವಿಷಯದಲ್ಲಿ ಬೇರೆಯವರು ಏನೆನ್ನುತ್ತಾರೆಂದು ವಿಚಾರಿಸಿದರು. ವಿಚಾರಿಸಿದ ಮೇಲೆ, ಬೇಕೆನಿಸಿದರೆ, ಓದಲು ಹಿಂತಿರುಗಿದರು. ಈ ಅಡ್ಡ ನಡಿಗೆಗೆ ಸಂಶೋಧಕರು ‘ಪಕ್ಕದ ಓದು’ ಎಂಬರ್ಥ ಬರುವ ಹೆಸರನ್ನಿಟ್ಟಿದ್ದಾರೆ.

ಈ ಪ್ರಯೋಗವನ್ನು ಓದುತ್ತ ನಾನೂ, ಫಲಿತಾಂಶವನ್ನು ನೋಡುವ ಮೊದಲು, ಆ ಎರಡು ಪುಟಗಳನ್ನು ತೆರೆದು ನೋಡಿದೆ. ಮೂವತ್ತು ವರ್ಷ ಪಾಠ ಹೇಳಿದವನು, ಸಾವಿರಾರು ಉತ್ತರಪತ್ರಿಕೆಗಳ ಸುಳ್ಳನ್ನು ಹಿಡಿದವನು ಎಂಬ ಬಿಗುಮಾನ ಬೇರೆ ಇತ್ತು. ಕಾಲು ಗಂಟೆ ಓದಿ, ಎರಡನೆಯ ಪುಟದ ಅಡಿಯಲ್ಲಿ ಆಧಾರಗಳ ಪಟ್ಟಿ ಉದ್ದವಾಗಿರುವುದನ್ನು ಕಂಡು, ಅದಕ್ಕೇ ನನ್ನ ಮತ ಹಾಕಿದೆ. ಆಮೇಲೆ ಆದ ನಾಚಿಕೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆದರೆ ಆ ನಾಚಿಕೆಯಿಂದ ಒಂದು ತಿಳಿವು ಬಂತು: ನನ್ನ ವಿದ್ಯಾರ್ಥಿಗಳಿಗೆ ನಾನು ಕಲಿಸುತ್ತ ಬಂದದ್ದೂ ಇದನ್ನೇ. ಕೊಟ್ಟ ಪಠ್ಯವನ್ನು ಬಿಟ್ಟು ಅತ್ತಿತ್ತ ನೋಡಬೇಡ ಎಂದೇ.

2020ರಲ್ಲಿ ಇದೇ ತಂಡದವರು ಅಮೆರಿಕದ ಪೂರ್ವಕರಾವಳಿಯ ದೊಡ್ಡ ವಿಶ್ವವಿದ್ಯಾನಿಲಯವೊಂದರ 263 ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ವರದಿ ಇನ್ನೂ ಕಹಿಯಾದದ್ದು. ಹಾಸ್ಯಕ್ಕಾಗಿ ಬರೆದ ಸುದ್ದಿಯನ್ನು ಹಾಸ್ಯವೆಂದು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಗುರುತಿಸಲಿಲ್ಲ. ಪಕ್ಷಾತೀತವೆಂದು ಹೇಳಿಕೊಳ್ಳುವ ಒಂದು ಜಾಲತಾಣದ ಹಿಂದೆ ಪ್ರಚಾರದ ಕಂಪನಿಯೊಂದು ನಿಂತಿರುವುದನ್ನು ನೂರಕ್ಕೆ 95 ಮಂದಿ ಕಂಡುಹಿಡಿಯಲಿಲ್ಲ. ಸಂಶೋಧಕರು ಇದನ್ನು ಕಲಿಯದವರ ಸೋಲೆಂದು ಎಣಿಸಲಿಲ್ಲ, ಕಲಿತವರ ಸೋಲೆಂದರು. ಪುಟದ ಸೊಗಸು, ವಿಳಾಸದ ಬಾಲ, ‘ನಮ್ಮ ಬಗ್ಗೆ’ ಎಂಬ ಪುಟ ಇವನ್ನು ನೋಡಬೇಕೆಂದು ಹೇಳಿಕೊಟ್ಟಿದ್ದರು; ಅವರು ವಿಧೇಯರಾಗಿ ನೋಡಿದ್ದರು.

ಇಲ್ಲಿ ಪರೀಕ್ಷೆಯ ಪ್ರಶ್ನೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಮರ್ಮವೇ ಇದು. ಈ ವಿದ್ಯೆ ಬಂದಿದೆಯೇ ಇಲ್ಲವೇ ಎಂದು ಅಳೆಯುವುದು ಹೇಗೆ? ಬಹಳ ಕಡೆ ಮಾಡಿದ್ದು, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪ್ರಶ್ನಪತ್ರಿಕೆ. ಅದಕ್ಕಿಂತ ಸುಲಭವಾದದ್ದು, ನಿನಗೆ ಈ ಸಾಮರ್ಥ್ಯ ಎಷ್ಟಿದೆ ಎಂದು ವಿದ್ಯಾರ್ಥಿಯನ್ನೇ ಕೇಳುವುದು. ಎರಡನೆಯದರ ಗತಿಯನ್ನು ಮೆಲಿಸ್ಸಾ ಗ್ರಾಸ್ ಮತ್ತು ಡಾನ್ ಲೇಥಮ್ ತೋರಿಸಿದ್ದಾರೆ: ಪರೀಕ್ಷೆಯಲ್ಲಿ ಕೆಳಗಿನ ಅಂಕ ಪಡೆದವರೇ ತಮ್ಮ ಸಾಮರ್ಥ್ಯವನ್ನು ಇದ್ದುದಕ್ಕಿಂತ ಬಹಳ ಮೇಲೆ ಎಣಿಸಿಕೊಂಡಿದ್ದರು. ತನಗೆ ತಿಳಿಯದೆಂಬುದೇ ತಿಳಿಯದವನು ತಿಳಿಯಲು ಏಕೆ ಬಂದಾನು? ಮೊದಲನೆಯದರ ಕೊರತೆ ಬೇರೆ ಬಗೆಯದು. ಮೂಲವನ್ನು ಪರಿಶೀಲಿಸಬೇಕೇ ಎಂದು ಕೇಳಿದರೆ, ಬೇಕು ಎಂದು ಬರೆಯದ ವಿದ್ಯಾರ್ಥಿ ಯಾರು? ಸಾರು ಮಾಡುವ ಕ್ರಮವನ್ನು ತಪ್ಪಿಲ್ಲದೆ ಒಪ್ಪಿಸಿದವನ ಕೈಯ ಸಾರು ಉಣ್ಣುವಂತಿರುತ್ತದೆಂಬ ಭರವಸೆಯೇನು?

ವೈನ್‌ಬರ್ಗರ ತಂಡದ ಹೆಚ್ಚುಗಾರಿಕೆ ಇಲ್ಲಿದೆ. ನಿಜವಾದ ಪುಟವೊಂದನ್ನು ಮುಂದಿಟ್ಟು, ಅಂತರಜಾಲದ ಬಾಗಿಲನ್ನು ತೆರೆದೇ ಇಟ್ಟು, ಏನು ಮಾಡುತ್ತೀಯೋ ಮಾಡು ಎಂದು ನೋಡುತ್ತ ಕುಳಿತರು. ಉತ್ತರವನ್ನು ಆರಂಭ, ಮೊಳಕೆ, ಪ್ರಭುತ್ವ ಎಂದು ಕರೆಯಬಹುದಾದ ಮೂರು ದರ್ಜೆಗಳಲ್ಲಿ ಇಟ್ಟರು. ಬರಿಯ ಸರಿಯುತ್ತರ ಸಾಲದು. ಅದಕ್ಕೆ ಕೊಟ್ಟ ಕಾರಣ ಗಟ್ಟಿಯಿರಬೇಕು. ಆದರೆ ಇಂಥ ಪರೀಕ್ಷೆಗೆ ಬೆಲೆಯುಂಟು. ನೂರಾರು ಉತ್ತರಗಳ ಕಾರಣಗಳನ್ನು ಓದಿ ತೂಗಬೇಕು. ಇಂದು ಕೊಟ್ಟ ಪುಟ ನಾಳೆ ಮಾಯವಾಗಬಹುದು. ಒಮ್ಮೆ ಬಯಲಾದ ಪ್ರಶ್ನೆ ಮತ್ತೆ ಕೆಲಸಕ್ಕೆ ಬಾರದು. ಗುರುತು ಹಾಕುವ ಪ್ರಶ್ನಪತ್ರಿಕೆ ಇನ್ನೂ ಬದುಕಿರುವುದು ಅದರ ಗುಣದಿಂದಲ್ಲ, ಅಗ್ಗವೆಂಬ ಕಾರಣದಿಂದ.

ಇನ್ನು ಕಲಿಸುವ ಬಗೆ. ಕಾಲ್‌ಫೀಲ್ಡರು ನಾಲ್ಕು ಹೆಜ್ಜೆಗಳನ್ನು ಹೇಳುತ್ತಾರೆ: ನಿಲ್ಲು, ಹೇಳಿದವನು ಯಾರೆಂದು ವಿಚಾರಿಸು, ಬೇರೆಯವರು ಏನೆನ್ನುತ್ತಾರೆ ನೋಡು, ಮಾತಿನ ಹುಟ್ಟೂರಿಗೆ ಹಿಂತಿರುಗು. ಇಂಗ್ಲಿಷಿನಲ್ಲಿ ಇವುಗಳ ಮೊದಲ ಅಕ್ಷರಗಳು ಸೇರಿ ‘ಜರಡಿ ಹಿಡಿ’ ಎಂಬ ಮಾತಾಗುತ್ತದೆ. ಇದೂ ಒಂದು ಪಟ್ಟಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಮೊದಲಿನದು ಪುಟದೊಳಗೆ ನೋಡತಕ್ಕ ಗುಣಗಳ ಪಟ್ಟಿ, ಇದು ಪುಟವನ್ನು ಬಿಟ್ಟು ಮಾಡತಕ್ಕ ಕೆಲಸಗಳ ಪಟ್ಟಿ. ಪುಸ್ತಕದ ಶೈಲಿ ಸರಳ, ಉದಾಹರಣೆಗಳು ಹೇರಳ. ವಿಕಿಪೀಡಿಯವನ್ನು ಮುಟ್ಟಬೇಡವೆನ್ನುವ ಮೇಷ್ಟರುಗಳಿಗೆ ಅದನ್ನು ಮುಟ್ಟುವ ಬಗೆಯನ್ನು ಹೇಳಿಕೊಡುವ ಅಧ್ಯಾಯವಂತೂ ಬಹಳ ಚೆನ್ನಾಗಿದೆ. ಯಾವುದನ್ನು ಓದಬೇಕೆಂಬುದರ ಜೊತೆಗೆ ಯಾವುದನ್ನು ಓದದೆ ಬಿಡಬೇಕೆಂಬುದೂ ವಿದ್ಯೆಯೇ ಎಂಬ ಕೊನೆಯ ಮಾತು ಇಂದಿನ ಗದ್ದಲದಲ್ಲಿ ಎಲ್ಲರೂ ಮನನ ಮಾಡತಕ್ಕದ್ದು.

ಇಷ್ಟನ್ನು ಒಪ್ಪಿದ ಮೇಲೆ ಎರಡು ಆಕ್ಷೇಪಗಳನ್ನು ಹೇಳದಿರಲಾರೆ. ಮೊದಲನೆಯದು, ಪಕ್ಕದ ಮನೆಯಲ್ಲಿ ವಿಚಾರಿಸಬೇಕಾದರೆ ಪಕ್ಕದಲ್ಲಿ ಮನೆಯಿರಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಪ್ಪತ್ತು ಲಕ್ಷದಷ್ಟು ಲೇಖನಗಳಿವೆ. ಕನ್ನಡದ್ದರಲ್ಲಿ ಮೂವತ್ತು ಸಾವಿರದ ಆಸುಪಾಸು. ಅಮೆರಿಕದ ಸಂಸ್ಥೆಯೊಂದರ ಜಾತಕ ಅರ್ಧ ನಿಮಿಷದಲ್ಲಿ ಸಿಕ್ಕೀತು; ನಮ್ಮ ತಾಲ್ಲೂಕಿನಲ್ಲಿ ನಿನ್ನೆ ಹುಟ್ಟಿದ ‘ಆರೋಗ್ಯ ಪ್ರತಿಷ್ಠಾನ’ದ ಜಾತಕವನ್ನು ಬರೆದಿಟ್ಟವರು ಯಾರು? ಮೇಲಾಗಿ ನಮ್ಮಲ್ಲಿ ಸುದ್ದಿ ಬರುವುದು ಪುಟದ ರೂಪದಲ್ಲಿ ಅಲ್ಲ. ವಾಟ್ಸಾಪಿನಲ್ಲಿ, ತಂದೆಯಿಲ್ಲದ ತಾಯಿಯಿಲ್ಲದ ಮಾತಾಗಿ, ಚಿಕ್ಕಪ್ಪನ ಹೆಸರಿನಿಂದ ಬರುತ್ತದೆ. ಮೂಲ ಯಾರೆಂದು ಕೇಳಿದರೆ ಚಿಕ್ಕಪ್ಪನನ್ನೇ ಅವಮಾನಿಸಿದಂತೆ. ಈ ಸಂಕೋಚಕ್ಕೆ ಗ್ರಂಥಕರ್ತರಲ್ಲಿ ಮದ್ದಿಲ್ಲ. ಅವರ ಊರಿನ ರೋಗವೇ ಬೇರೆ. ಯಂತ್ರಗಳೇ ನಿರರ್ಗಳವಾಗಿ ಉತ್ತರ ಬರೆದುಕೊಡುವ ಈ ಕಾಲದ ವಿಷಯವನ್ನು ಅವರು ಅನುಬಂಧವೊಂದರಲ್ಲಿ ಮುಟ್ಟಿದ್ದಾರೆ, ಅಷ್ಟೇ. ಬರೆದವನ ಮುಖವೇ ಇಲ್ಲದ ಬರಹದ ನೆರೆಹೊರೆ ಯಾವುದೆಂಬ ಪ್ರಶ್ನೆಗೆ ಅನುಬಂಧ ಸಾಲದು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ನೆರೆಹೊರೆಯವರ ಮಾತೇ ಪ್ರಮಾಣವಾದರೆ ಹೆಸರಿದ್ದವನು ಗೆಲ್ಲುತ್ತಾನೆ. ಒಂಟಿಯಾಗಿ ನಿಂತು ಸರಿಯಾದದ್ದನ್ನು ಹೇಳಿದವರ ಕಥೆಗಳೂ ಲೋಕದಲ್ಲಿವೆ. ಅವಸರದ ವಿಚಾರಣೆ ಅಂಥವರನ್ನು ಬಾಗಿಲಲ್ಲೇ ತಡೆಯಬಾರದು. ಆದುದರಿಂದ ಪಕ್ಕದ ಓದು ಆಳದ ಓದಿಗೆ ಬದಲಿಯಲ್ಲ, ಅದರ ಹೊಸ್ತಿಲು. ಕ್ರಮವನ್ನು ತಿದ್ದಿಕೊಳ್ಳಬೇಕಾಗಿದೆ, ಅಷ್ಟೇ: ಮೊದಲು ಹೊರಗೆ ವಿಚಾರಿಸು, ಆಮೇಲೆ ಒಳಗೆ ಕುಳಿತು ಓದು. ಗ್ರಂಥಕರ್ತರು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೇಗನೆ ತಿಳಿಯುವುದರ ಸಂತೋಷದಲ್ಲಿ ನಿಧಾನದ ಓದಿಗೆ ಸಲ್ಲಬೇಕಾದ ಮರ್ಯಾದೆ ಅಲ್ಲಲ್ಲಿ ತಪ್ಪಿದೆ.

ಇದೆಲ್ಲ ಪಂಡಿತರ ಜಗಳವೆಂದು ತೋರಿದರೆ 2018ನ್ನು ನೆನೆಯಬೇಕು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿ ದೇಶವನ್ನೆಲ್ಲ ಸುತ್ತಿದ ವರ್ಷ ಅದು. ಆ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ಹೊರಗಿನಿಂದ ಬಂದ ಒಬ್ಬನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬ ತರುಣನ ಪ್ರಾಣ ಹೋಯಿತು. ಆಗ ಕೈಯಿಂದ ಕೈಗೆ ಓಡಾಡಿದ ವಿಡಿಯೋಗಳಲ್ಲಿ ಒಂದರಲ್ಲಿ ಮೋಟಾರ್ ಸೈಕಲ್ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಯ ಎಚ್ಚರಿಕೆಗಾಗಿ, ನಟರನ್ನಿಟ್ಟು ತೆಗೆದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಹಿಂತಿರುಗಿ ತಂದು ಬಿಟ್ಟು ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಈ ವಿಡಿಯೋವನ್ನು ಎಷ್ಟು ಗಮನವಿಟ್ಟು ನೋಡಿದರೂ, ಹತ್ತು ಸಲ ನೋಡಿದರೂ, ನಿಜ ತಿಳಿಯುತ್ತಿರಲಿಲ್ಲ. ಅದರಿಂದ ಹೊರಗೆ ಬಂದು ಹುಟ್ಟೂರನ್ನು ಹುಡುಕಿದವನಿಗೆ ಮಾತ್ರ ತಿಳಿಯುತ್ತಿತ್ತು. ಅದನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಹಾಗಾದರೆ ಒಂದು ದಿನದ ವಿಶೇಷ ಉಪನ್ಯಾಸ ಏರ್ಪಡಿಸಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡರೆ ಆಯಿತೇ? ಬಿಹಾರದ ಅನುಭವ ಬೇರೆ ಹೇಳುತ್ತದೆ. 2019ರ ಚುನಾವಣೆಯ ಕಾಲದಲ್ಲಿ ಸುಮಿತ್ರಾ ಬದರಿನಾಥನ್ ಅವರು ಅಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಜನರ ನಡುವೆ ಮಾಡಿದ ಪ್ರಯೋಗದಲ್ಲಿ ಸುಮಾರು ಒಂದು ಗಂಟೆಯ ತರಬೇತಿ ಸುಳ್ಳನ್ನು ಗುರುತಿಸುವ ಶಕ್ತಿಯನ್ನು ಒಟ್ಟಿನಲ್ಲಿ ಹೆಚ್ಚಿಸಲಿಲ್ಲ. ಮುಂದೆ ಅವರೂ ಜೊತೆಯವರೂ ಅದೇ ರಾಜ್ಯದ 13,500 ಶಾಲಾ ವಿದ್ಯಾರ್ಥಿಗಳೊಡನೆ, ಹಳ್ಳಿಗಾಡಿನ ಗ್ರಂಥಾಲಯಗಳಲ್ಲಿ, ವಾರಗಳ ಅಂತರವಿಟ್ಟು ಹಲವು ಪಾಠಗಳನ್ನು ನಡೆಸಿದಾಗ ಫಲ ಸಿಕ್ಕಿತು, ಸಿಕ್ಕಿದ್ದು ನಿಂತಿತು. ಈ ವಿದ್ಯೆ ಭಾಷಣದಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಆ ಪಾಠಗಳು ಗ್ರಂಥಾಲಯದಲ್ಲಿ ನಡೆದವೆಂಬುದು ನನಗೆ ಅರ್ಥವತ್ತಾಗಿ ಕಾಣುತ್ತದೆ. ಪುಸ್ತಕಗಳಿರುವುದು ಬಳಕೆಗಾಗಿ, ಓದುಗನ ಕಾಲ ಅಮೂಲ್ಯ ಎಂಬ ತತ್ತ್ವಗಳನ್ನು 1931ರಲ್ಲೇ ಸೂತ್ರರೂಪದಲ್ಲಿ ಲೋಕಕ್ಕೆ ಕೊಟ್ಟ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿಯೇ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಕಟ್ಟಿದರು. ಅಂಥ ಊರಿನ ಸುತ್ತಮುತ್ತಲಿನ ಎಷ್ಟೋ ಕಾಲೇಜುಗಳಲ್ಲಿ ಗ್ರಂಥಪಾಲಕರೆಂದರೆ ಪುಸ್ತಕಕ್ಕೆ ಮೊಹರು ಒತ್ತಿ, ತಡವಾದರೆ ದಂಡ ಕಟ್ಟಿಸಿಕೊಳ್ಳುವವರು ಮಾತ್ರ. ಅವರಿಗೆ ವಾರಕ್ಕೆ ಒಂದು ಗಂಟೆಯ ಪಾಠವನ್ನೂ, ಬಾಗಿಲು ತೆರೆದ ಒಂದು ಪರೀಕ್ಷೆಯನ್ನು ನಡೆಸುವ ಅಧಿಕಾರವನ್ನೂ ಕೊಟ್ಟು ನೋಡಬಾರದೇ? ವಾಟ್ಸಾಪಿನಲ್ಲಿ ಆ ವಾರ ಬಂದ ಕನ್ನಡದ ಒಂದು ಸುದ್ದಿ. ಅದರ ಬೇರನ್ನು ಹುಡುಕಲು ಒಂದು ಗಂಟೆ. ಹುಡುಕಿ ಸಿಕ್ಕಿದ್ದನ್ನು ಕನ್ನಡದಲ್ಲೇ ಬರೆದು ಎಲ್ಲರಿಗೂ ಕಾಣುವಂತೆ ಇಟ್ಟರೆ, ಪಕ್ಕದಲ್ಲಿ ಮನೆಯೇ ಇಲ್ಲವೆಂಬ ಕೊರತೆಯೂ ಸ್ವಲ್ಪ ಸ್ವಲ್ಪವಾಗಿ ತುಂಬೀತು.

‘ವೆರಿಫೈಡ್’ ನಮ್ಮ ನೆಲಕ್ಕಾಗಿ ಬರೆದ ಪುಸ್ತಕವಲ್ಲ. ಹಾಗೆಯೇ ತಂದು ನೆಟ್ಟರೆ ಬೇರೂರದು. ಆದರೆ ಓದು ಬಲ್ಲೆನೆಂದು ಹೆಮ್ಮೆಪಡುವ ನನ್ನಂಥವರನ್ನು ಜಮಖಾನದ ಮೇಲಿನಿಂದ ಎಬ್ಬಿಸಿ ಬೀದಿಗೆ ಕಳುಹಿಸುವ ಶಕ್ತಿ ಅದಕ್ಕಿದೆ. ಅಲ್ಲಿಂದ ಮುಂದಿನ ದಾರಿ ಅಜ್ಜಿಗೆ ಗೊತ್ತಿದ್ದದ್ದೇ.